ಬ್ಯಾಟ್ ಹಿಡಿದೇ ಓಡಿದ ತಂಡ

ನಮ್ಮ ಕಾಲೇಜಿನ ಬೇಸ್‌ಬಾಲ್ ತಂಡ ತನ್ನ ಮೊದಲ ಹಾಗೂ ಕೊನೆಯ ಋತುವಿನಲ್ಲಿ ಐದು ಪಂದ್ಯ ಆಡಿತು. ನಾಲ್ಕು ಸೋತಿತು. ಐದನೆಯದನ್ನೂ ಸೋಲುತ್ತಿತ್ತು, ಆದರೆ ಅದು ಮುಗಿಯಲಿಲ್ಲ. ಅದರ ನಡುವೆ ನನ್ನ ಗೆಳೆಯನ ಎಡಗಣ್ಣಿಗೆ ಬ್ಯಾಟ್ ಬಡಿಯಿತು. ಬಡಿದದ್ದು ನಮ್ಮದೇ ತಂಡದ ಬ್ಯಾಟ್. ಈಗಲೂ ಪಕ್ಕದಲ್ಲಿ ಯಾರಾದರೂ ಫಕ್ಕನೆ ಕೊಡೆ ಬಿಚ್ಚಿದರೆ ನಾನು ತಲೆ ಬಗ್ಗಿಸುತ್ತೇನೆ. ಜನ ಅದನ್ನು ವಿನಯ ಎಂದುಕೊಂಡಿದ್ದಾರೆ.

ಕಾಲೇಜು ಎಂದರೆ ಗಲ್ಫಿನ ಮನಾಮಾ ನಗರದಲ್ಲಿ ಒಂದು ಟ್ರಾವೆಲ್ ಏಜೆನ್ಸಿಯ ಮೇಲಿನ ಎರಡು ಮಹಡಿ. ಹಗಲೆಲ್ಲ ಅಂಗಡಿ, ಆಫೀಸುಗಳಲ್ಲಿ ದುಡಿಯುವ ನಾವು ಸಂಜೆ ಅಲ್ಲಿ ಹೋಗಿ ಬಿ.ಬಿ.ಎ. ಓದುತ್ತಿದ್ದೆವು. ಮಂಗಳೂರು ಕಡೆಯವರಾದ ನಮ್ಮ ಡೈರೆಕ್ಟರಿಗೆ ಅಮೆರಿಕದ ಯಾವುದೋ ವಿಶ್ವವಿದ್ಯಾಲಯದ ಜೊತೆ ಸಂಬಂಧ ಕುದುರಿಸುವ ಆಸೆ. ಹೆಣ್ಣು ನೋಡಲು ಬಂದವರಿಗೆ ‘ಹುಡುಗಿ ಹಾಡುತ್ತಾಳೆ’ ಎಂದು ಹೇಳುವ ಹಾಗೆ, ‘ನಮ್ಮ ಹುಡುಗರು ಬೇಸ್‌ಬಾಲ್ ಆಡುತ್ತಾರೆ’ ಎಂದು ಹೇಳಿಕೊಳ್ಳಬೇಕಿತ್ತು. ನಾಲ್ಕು ಹೆಲ್ಮೆಟ್ ತರಿಸಿದರು. ಮೂರನ್ನು ತಮ್ಮ ಕೋಣೆಯ ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟರು. ಒಂದು ಮೈದಾನಕ್ಕೆ ಬಂತು.

ಅಕೌಂಟೆನ್ಸಿ ಮೇಷ್ಟ್ರು ಕೋಚ್ ಆದರು. ಅವರು ಊರಿನಲ್ಲಿ ಪಿಯುಸಿವರೆಗೆ ವಾಲಿಬಾಲ್ ಆಡಿದ್ದರಂತೆ. ನಿಯಮಗಳ ಪುಸ್ತಕದ ಫೋಟೋಕಾಪಿ ಹಿಡಿದು, ಬ್ಯಾಲೆನ್ಸ್ ಶೀಟ್ ಕಲಿಸುವ ದನಿಯಲ್ಲೇ ಕಲಿಸಿದರು. ನನಗೆ ಆಟ ಬಾರದ್ದರಿಂದ ಅಂಕ ಬರೆಯುವ ಕೆಲಸ ಸಿಕ್ಕಿತು. ಆಟ ಬಾರದ ಉಳಿದವರು ತಂಡಕ್ಕೆ ಸೇರಿದರು.

ತೊಂದರೆ ಏನೆಂದರೆ ಅವರೆಲ್ಲರೂ ಕ್ರಿಕೆಟಿಗರು. ಗುದೈಬಿಯಾದ ಕಾರು ನಿಲ್ಲಿಸುವ ಜಾಗದಲ್ಲಿ ಟೆನಿಸ್ ಚೆಂಡಿನಲ್ಲಿ ಆಡಿ ಬೆಳೆದವರು. ಚೆಂಡು ಮೇಲಕ್ಕೆ ಹೋದರೆ ಕೈಯ ಗ್ಲೌಸ್ ಕಿತ್ತೆಸೆದು ಬರಿಗೈಯಲ್ಲಿ ಹಿಡಿಯಲು ಓಡುತ್ತಿದ್ದರು. ಎದುರಾಳಿ ಔಟಾದನೆಂದು ಅಂಪೈರ್ ಕೈ ಎತ್ತಿ ಆದ ಮೇಲೂ ಒಂಬತ್ತು ಜನ ಒಟ್ಟಿಗೆ ‘ಹೌಝಾಟ್’ ಎಂದು ಬೊಬ್ಬೆ ಹೊಡೆಯುತ್ತಿದ್ದರು.

ಎಲ್ಲರಿಗಿಂತ ಹಠಮಾರಿ ಕಾರ್ಕಳದವನೊಬ್ಬ. ಚೆಂಡಿಗೆ ಬ್ಯಾಟ್ ತಾಗಿಸಬಲ್ಲವನೂ ಅವನೊಬ್ಬನೇ. ಬೇಸ್‌ಬಾಲಿನಲ್ಲಿ ಹೊಡೆದ ಕೂಡಲೇ ಬ್ಯಾಟನ್ನು ಅಲ್ಲೇ ಬಿಟ್ಟು ಓಡಿ, ಬೇಸ್ ಎಂಬ ಚೌಕದ ಮೆತ್ತೆಯನ್ನು ಕಾಲಿನಿಂದ ಮುಟ್ಟಬೇಕು. ಇವನು ಹೊಡೆದು, ಬ್ಯಾಟ್ ಹಿಡಿದೇ ಓಡಿ, ಮೊದಲನೆಯ ಬೇಸ್ ಹತ್ತಿರ ಬಂದಾಗ ಕ್ರೀಸಿಗೆ ಊರುವಂತೆ ಬ್ಯಾಟಿನ ತುದಿಯನ್ನು ನೆಲದ ಮೇಲೆ ಜಾರಿಸಿ ಬೇಸ್ ಮುಟ್ಟಿಸುತ್ತಿದ್ದ. ಕಾಲು ಎರಡು ಗಜ ಹಿಂದೆ. ಅಷ್ಟರಲ್ಲಿ ಚೆಂಡು ಬಂದು, ಔಟ್. ಮೊದಲ ಮೂರು ಪಂದ್ಯದಲ್ಲೂ ಹೀಗೇ ಆಯಿತು. ಪ್ರತಿಸಲವೂ ಅವನು ಅಂಪೈರನ್ನು ನೋಡುತ್ತಿದ್ದ ರೀತಿ ಅನ್ಯಾಯಕ್ಕೊಳಗಾದ ಶತಕವೀರನದು.

‘ಓಡುವಾಗ ಬ್ಯಾಟ್ ಯಾಕೆ ಮಾರಾಯ? ನಾಯಿ ಓಡಿಸ್ಲಿಕ್ಕಾ?’ ಎಂದು ಮೇಷ್ಟ್ರು ಕೇಳಿದರು.

‘ಕೈ ಬಿಡುದೇ ಇಲ್ಲ ಸರ್.’

‘ಮನೆಗೆ ಕೊಂಡೋಗು, ಅಮ್ಮನಿಗೆ ಬಟ್ಟೆ ಒಗೀಲಿಕ್ಕೆ ಆಗ್ತದೆ’ ಎಂದೆ ನಾನು. ಎಲ್ಲರೂ ನಕ್ಕರು. ನನಗೆ ಹುರುಪು ಬಂತು. ಮರುದಿನದಿಂದ ತರಗತಿಯಲ್ಲಿ ಅವನು ಪೆನ್ನು ಹಿಡಿದು ಎದ್ದರೂ ನಾನು ‘ಬ್ಯಾಟ್ ಬಿಡಾ!’ ಎನ್ನುತ್ತಿದ್ದೆ. ಕ್ಯಾಂಟೀನಿನಲ್ಲಿ ಚಮಚ ಹಿಡಿದರೂ ‘ಬ್ಯಾಟ್ ಬಿಡಾ!’ ಹುಡುಗಿಯರೂ ಕಲಿತರು. ಇದನ್ನು ಕಂಡು ಮೇಷ್ಟ್ರು, ಅವನು ಹೊಡೆದಾಗಲೆಲ್ಲ ಹಾಗೆ ಕೂಗುವ ಕೆಲಸವನ್ನು ನನಗೆ ಅಧಿಕೃತವಾಗಿಯೇ ವಹಿಸಿದರು. ನಾಲ್ಕನೆಯ ಪಂದ್ಯದಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಅವನು ಬ್ಯಾಟ್ ಬಿಡಲಿಲ್ಲ. ಆದರೆ ನಗುವುದನ್ನು ಬಿಟ್ಟಿದ್ದ. ಅದನ್ನು ಗಮನಿಸಿದವನು ನನ್ನ ಗೆಳೆಯ ಮಾತ್ರ.

ಗೆಳೆಯ ಉಳ್ಳಾಲದ ಬ್ಯಾರಿ ಮನೆಯವನು. ಅವನ ಬಾಪಾಗೆ ಮನಾಮಾದ ಸೂಕ್ ಪೇಟೆಯಲ್ಲಿ ಬಟ್ಟೆ ಅಂಗಡಿ. ‘ಅವನನ್ನು ಸ್ವಲ್ಪ ಸುಮ್ಮನೆ ಬಿಡಾ, ಅವನ ಮುಖ ನೋಡು’ ಎಂದ. ನಾನು ನೋಡಲಿಲ್ಲ. ಪುಸ್ತಕದಲ್ಲಿ ಅಂಕ ಬರೆಯುತ್ತಿದ್ದೆ.

ಐದನೆಯ ಪಂದ್ಯ ಒಂದು ಶುಕ್ರವಾರ, ವಾರದ ರಜೆಯ ಬೆಳಿಗ್ಗೆ, ಸಮುದ್ರಕ್ಕೆ ಮಣ್ಣು ತುಂಬಿಸಿ ಮಾಡಿದ ಕಲ್ಲುನೆಲದಲ್ಲಿ. ಎದುರಾಳಿಗಳು ಹೋಟೆಲುಗಳಲ್ಲಿ ಕೆಲಸ ಮಾಡುವ ಫಿಲಿಪಿನೋ ಹುಡುಗರು. ನಮ್ಮನ್ನು ಸೋಲಿಸುವಾಗಲೂ ಕ್ಷಮೆ ಕೇಳುವಷ್ಟು ಒಳ್ಳೆಯವರು. ಕಾರ್ಕಳದವನು ಹೊಡೆಯಲು ನಿಂತಿದ್ದ. ಅವನ ನಂತರ ಗೆಳೆಯನ ಸರದಿ. ಸರದಿ ಕಾಯುವವನು ದೂರದಲ್ಲಿ, ತಲೆಗೆ ಹೆಲ್ಮೆಟ್ ಹಾಕಿ ನಿಲ್ಲಬೇಕೆಂದು ಫೋಟೋಕಾಪಿಯಲ್ಲಿತ್ತು. ನಮ್ಮಲ್ಲಿದ್ದ ಒಂದೇ ಹೆಲ್ಮೆಟ್ ಹೊಡೆಯುವವನ ತಲೆಯ ಮೇಲಿತ್ತು. ನಾನು ಅವನ ಹಿಂದೆ, ಹತ್ತಿರದಲ್ಲೇ, ತರಕಾರಿಯ ಪ್ಲಾಸ್ಟಿಕ್ ಕ್ರೇಟ್ ಕವುಚಿ ಹಾಕಿ ಕುಳಿತಿದ್ದೆ. ಗೆಳೆಯ ನನ್ನ ಬೆನ್ನ ಹಿಂದೆ ಬಂದು ನಿಂತು, ಅಂಕದ ಪುಸ್ತಕ ಇಣುಕುತ್ತಿದ್ದ.

ಚೆಂಡಿಗೆ ಬ್ಯಾಟ್ ಸರಿಯಾಗಿ ಬಿತ್ತು. ನಾನು ಕೂಗಿದೆ, ‘ಬ್ಯಾಟ್ ಬಿಡಾ!’ ನಮ್ಮ ಇಡೀ ಬೆಂಚು ನನ್ನ ಜೊತೆ ಕೂಗಿತು.

ಅವನು ಬಿಟ್ಟ. ನಾಲ್ಕು ಪಂದ್ಯದ ಸಿಟ್ಟನ್ನೆಲ್ಲ ಸೇರಿಸಿ, ನಮ್ಮ ಕಡೆ ನೋಡದೆ, ಹಿಂದಕ್ಕೆ ಬೀಸಿ ಬಿಟ್ಟ. ಬ್ಯಾಟ್ ಮಲಗಿದ ಹಾಗೆ ತಿರುಗುತ್ತಾ ಬಂತು. ಅದರ ಹಿಡಿಗೆ ಸುತ್ತಿದ ಕಪ್ಪು ಟೇಪು ಬಿಚ್ಚಿಕೊಂಡು ಬಾಲದ ಹಾಗೆ ಹಾರುತ್ತಿದ್ದದ್ದು ನನಗೆ ಕಂಡಿತು. ಅಷ್ಟು ನೋಡುವ ಹೊತ್ತಿದ್ದರೆ ‘ಬಗ್ಗು’ ಎಂದು ಹೇಳುವ ಹೊತ್ತೂ ಇತ್ತಲ್ಲವೇ? ಈ ಲೆಕ್ಕವನ್ನು ಎಷ್ಟು ಸಲ ಹಾಕಿದರೂ ತಾಳೆಯಾಗುವುದಿಲ್ಲ. ನಾನು ಬಗ್ಗಿದೆ. ನಾನೊಬ್ಬನೇ ಬಗ್ಗಿದೆ. ಹಿಂದೆ ತೆಂಗಿನಕಾಯಿ ಕಲ್ಲಿಗೆ ಬಿದ್ದಂಥ ಸದ್ದಾಯಿತು.

ತಿರುಗಿ ನೋಡಿದರೆ ಗೆಳೆಯ ಮಂಡಿಯೂರಿ ಕುಳಿತಿದ್ದ. ಎಡಗಣ್ಣು ಮುಚ್ಚಿದ ಬೆರಳುಗಳ ಸಂದಿಯಿಂದ ರಕ್ತ. ‘ಎಂಥ ಆಯ್ತು? ಎಂಥ ಆಯ್ತು?’ ಎಂದು ನನ್ನನ್ನೇ ಕೇಳುತ್ತಿದ್ದ. ಮೇಷ್ಟ್ರು ಫೋಟೋಕಾಪಿಯ ಹಾಳೆ ತಿರುಗಿಸುತ್ತಿದ್ದರು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕಾಲೇಜಿನಲ್ಲಿತ್ತು, ಹೆಲ್ಮೆಟುಗಳ ಪಕ್ಕದಲ್ಲಿ. ಎದುರಾಳಿಗಳೇ ತಂಪು ಪಾನೀಯದ ಐಸ್ ಸುರಿದು, ಬಟ್ಟೆಯಲ್ಲಿ ಕಟ್ಟಿ ಒತ್ತಿ, ಅವರದೇ ವ್ಯಾನಿನಲ್ಲಿ ನಮ್ಮನ್ನು ಸಲ್ಮಾನಿಯಾದ ಆಸ್ಪತ್ರೆಗೆ ಮುಟ್ಟಿಸಿದರು.

ಕಣ್ಣಿನೊಳಗೆ ರಕ್ತ ಇಳಿದಿದೆ, ಅದು ತಾನಾಗಿಯೇ ಕರಗಬೇಕು, ದೃಷ್ಟಿ ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರ್. ತಲೆ ಎತ್ತರಿಸಿ, ಅಲುಗದೆ ಮಲಗಬೇಕು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ಕಾರ್ಕಳದವನು ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲು ಧೈರ್ಯವಿಲ್ಲದೆ.

‘ಯಾರದು, ಉಸಿರು ಬಿಡ್ತಾ ಇರುದು?’ ಎಂದ ಗೆಳೆಯ.

‘ನಾನು’ ಎಂದ ಬಾಗಿಲಲ್ಲಿದ್ದವನು.

‘ಅಂತೂ ಬ್ಯಾಟ್ ಬಿಟ್ಟೆಯಲ್ಲ. ಬೇಸ್ ಮುಟ್ಟಿದೆಯಾ?’

‘ಮುಟ್ಟಿದೆ.’

‘ಯಾವುದರಲ್ಲಿ?’

‘ಕಾಲಲ್ಲಿ.’ ಹೇಳುವಾಗಲೇ ಅವನಿಗೆ ಅಳು ಬಂತು.

‘ಹಾಗಾದ್ರೆ ಆಯ್ತಲ್ಲ ಮಾರಾಯ. ಕೂತ್ಕೊ.’

ಮರುದಿನ ಡೈರೆಕ್ಟರ್ ಸೇಬಿನ ಚೀಲದೊಂದಿಗೆ ಬಂದರು. ಚೀಲದ ಹಿಂದೆ ಒಂದು ಕಾಗದವೂ ಇತ್ತು. ವಿದ್ಯಾರ್ಥಿಗಳು ರಜಾದಿನದಲ್ಲಿ ಸ್ವಂತ ಇಚ್ಛೆಯಿಂದ ಆಡಿದ ಆಟವಿದು, ಕಾಲೇಜಿಗೂ ಇದಕ್ಕೂ ಸಂಬಂಧವಿಲ್ಲ ಎಂಬ ಒಕ್ಕಣೆ. ಕಾಲೇಜಿನ ಹೆಸರಿರುವ ಜೆರ್ಸಿ ಹಾಸಿಗೆಯ ಕಾಲಬಳಿ ಮಡಚಿ ಇಟ್ಟಿತ್ತು. ಅದನ್ನು ಬದಿಗೆ ಸರಿಸಿ ಕಾಗದ ಹರಡಿದರು.

‘ಫಾರ್ಮಾಲಿಟಿ ಅಷ್ಟೆ ಸಾಹೇಬ್ರೇ’ ಎಂದರು ಗೆಳೆಯನ ತಂದೆಗೆ.

ತಂದೆ ಕಾಗದದತ್ತ ಕಣ್ಣು ಹಾಯಿಸಲೂ ಇಲ್ಲ. ‘ಮಗನ ಕಣ್ಣು ಬಿಚ್ಚಲಿ ಸರ್. ಡಿಗ್ರಿ ಓದುವ ಮಗ. ಅವನೇ ಓದಿ ಸೈನ್ ಹಾಕ್ತಾನೆ.’

ಕಾರಿಡಾರಿನಲ್ಲಿ ಡೈರೆಕ್ಟರ್ ನನ್ನ ಹೆಗಲಿಗೆ ಕೈ ಹಾಕಿದರು. ಇಷ್ಟು ದಿನ ನನ್ನ ಹೆಸರೂ ಗೊತ್ತಿರಲಿಲ್ಲ ಅವರಿಗೆ. ‘ಕೂಗಿದ್ದು ನೀನೇ ಅಂತಲ್ಲ? ಎಲ್ಲ ಹೇಳ್ತಾರೆ. ಪೊಲೀಸ್ ಗಿಲೀಸ್ ಆದ್ರೆ ಮೊದಲು ನಿನ್ನನ್ನೇ ಕೇಳ್ತಾರೆ. ಇಲ್ಲಿ ಸಾಕ್ಷಿ ಅಂತ ಉಂಟು ನೋಡು.’

ನಾನು ಸಹಿ ಹಾಕಿದೆ. ಪೆನ್ನೂ ಅವರದೇ. ನನ್ನ ಬಾಯಿ ಅಷ್ಟು ಚುರುಕಾಗಿದ್ದದ್ದು ಇನ್ನೊಬ್ಬರ ತಪ್ಪಿನ ಬಗ್ಗೆ ಮಾತ್ರ ಎಂದು ಅಂದೇ ತಿಳಿಯಿತು. ಆಮೇಲೆ ಆಸ್ಪತ್ರೆಯ ಬಸ್‌ಸ್ಟಾಪಿನಲ್ಲಿ ಕುಳಿತು, ಮುಂದೆ ಹಾದ ಬಸ್ಸುಗಳಿಗೆ ಬೆದರಿ ಎರಡು ಸಲ ತಲೆ ಬಗ್ಗಿಸಿದೆ.

ಹತ್ತು ದಿನದ ನಂತರ ಪಟ್ಟಿ ಬಿಚ್ಚಿದರು. ಡೈರೆಕ್ಟರ್ ಅದೇ ಹೊತ್ತಿಗೆ ಸರಿಯಾಗಿ ಹಾಜರಾದರು. ಡಾಕ್ಟರ್ ಬಲಗಣ್ಣು ಮುಚ್ಚಿಸಿ ಬೆರಳು ತೋರಿಸಿದರು. ಗೆಳೆಯ ಎರಡು ಎಂದ, ಮೂರು ಎಂದ, ಎರಡೂ ಸರಿ. ಅವನ ತಂದೆ ಗೋಡೆಗೆ ಒರಗಿ ನಿಧಾನವಾಗಿ ಕುಳಿತರು. ಸ್ವಲ್ಪ ಮಂಜು ಇರುತ್ತದೆ, ಪೂರ್ತಿ ಹೋಗಲಿಕ್ಕಿಲ್ಲ, ಆದರೆ ಕಣ್ಣು ಉಳಿಯಿತು ಎಂದು ಹೇಳಿ ಡಾಕ್ಟರ್ ಹೊರಗೆ ಹೋದರು.

ಕಾಗದ ಮುಂದೆ ಬಂತು. ಗೆಳೆಯ ಬಲಗಣ್ಣಿನ ಮೇಲಿನ ಅಂಗೈ ತೆಗೆಯಲೇ ಇಲ್ಲ. ಪೆಟ್ಟಾದ ಕಣ್ಣಿನಲ್ಲೇ, ಕಾಗದವನ್ನು ಹತ್ತಿರ ತಂದು, ದೂರ ಹಿಡಿದು ನೋಡಿದ.

‘ಕಾಲೇಜಿನ ಹೆಸರು ಕಾಣ್ತದೆ ಸರ್, ದೊಡ್ಡದುಂಟು. ಅದರ ಕೆಳಗಿನ ಸಣ್ಣದು ಒಂದೂ ಕಾಣುದಿಲ್ಲ. ಕಾಣದ್ದಕ್ಕೆ ಸೈನ್ ಹಾಕುದು ಹೇಗೆ?’

ಡೈರೆಕ್ಟರ್ ನಗಲು ನೋಡಿದರು. ಕೊನೆಗೆ ಕಾಗದ ಮಡಚಿ ಜೇಬಿಗಿಟ್ಟರು.

ಕಾಗದದ ಅಡಿಯಲ್ಲಿ, ಎಲ್ಲಕ್ಕಿಂತ ಸಣ್ಣದಾಗಿ, ನನ್ನ ಸಹಿ ಇತ್ತು. ಅದೂ ಅವನಿಗೆ ಕಾಣಲಿಲ್ಲವೋ, ಕಾಣದವನ ಹಾಗೆ ಇದ್ದನೋ, ನಾನು ಕೇಳಲಿಲ್ಲ. ಅವನು ಅಂಗೈ ಇಳಿಸಿ, ಎರಡೂ ಕಣ್ಣುಗಳಿಂದ ನನ್ನನ್ನು ನೋಡಿ, ‘ನೀರು ಕೊಡಾ’ ಎಂದ. ಕೊಟ್ಟೆ.