ಸರ್ವೆ ಗಿಡದ ಆನೆ

ನಮ್ಮ ದೊಡ್ಡಪ್ಪನ ಮನೆಯಲ್ಲಿ ತಲೆಗೆ ಹಚ್ಚುವ ಎಣ್ಣೆಗಿಂತ ಕತ್ತರಿಗೆ ಹಚ್ಚುವ ಎಣ್ಣೆಯೇ ಬೇಗ ಮುಗಿಯುತ್ತಿತ್ತು. ಕತ್ತರಿಯಾದರೂ ಎಂಥದು! ಮೊಳದುದ್ದದ ಅಲಗು, ಮರದ ಹಿಡಿ. ಹಿತ್ತಿಲ ಬಾಗಿಲಲ್ಲಿ ನೇತಾಡುತ್ತಿದ್ದ ಅದನ್ನು ಕಂಡರೆ ಊರಿನ ಕ್ಷೌರಿಕನೂ ಕೈಮುಗಿಯಬೇಕು. ಬಂಡೀಪುರದ ಅತಿಥಿಗೃಹವೊಂದರ ತೋಟದಲ್ಲಿ ಆಯುಷ್ಯವಿಡೀ ಬೇಲಿಗಿಡ ಕತ್ತರಿಸಿ, ತೊಂಬತ್ತರ ದಶಕದ ನಡುವೆ ನಿವೃತ್ತರಾಗಿ ತಮ್ಮೂರು ಹಂಗಳಕ್ಕೆ ಮರಳಿದ ದೊಡ್ಡಪ್ಪ, ದೊಡ್ಡಮ್ಮ ಅರಿಸಿನ ಬೆಳೆಯುತ್ತಿದ್ದ ಮನೆಮುಂದಿನ ಹೊಲವನ್ನು ಯಾರನ್ನೂ ಕೇಳದೆ ಉದ್ಯಾನವೆಂದು ಘೋಷಿಸಿಬಿಟ್ಟರು. ಕಾಡಾನೆ ಬಾರದಿರಲೆಂದು ಊರಿಗೆ ಊರೇ ತಮಟೆ ಬಡಿಯುತ್ತಿದ್ದ ಕಾಲದಲ್ಲಿ, ಕೈಯಾರೆ ಆನೆಯೊಂದನ್ನು ನೆಟ್ಟರು.

ನೆಟ್ಟದ್ದು ಸರ್ವೆ ಸಸಿಗಳನ್ನು. ಕಾಲಿಗೊಂದರಂತೆ ಸಸಿಯಿಟ್ಟು, ಬೆಳೆದಂತೆ ಬಿದಿರ ದಬ್ಬೆಗೆ ಬಗ್ಗಿಸಿ ಕಟ್ಟಿ, ಕತ್ತರಿಸಿ, ಬೆನ್ನು ಬರಿಸಿದರು, ಹೊಟ್ಟೆ ಬರಿಸಿದರು, ಕೊನೆಗೆ ಸೊಂಡಿಲು. ಪಕ್ಕದಲ್ಲಿ ಒಂದು ನವಿಲೂ ಎದ್ದಿತು. ದೊಡ್ಡಮ್ಮನ ಪ್ರಕಾರ ಅದು ಕೋಳಿ. ನೀವೇ ಹೇಳಿ, ಮರವನ್ನು ಆನೆಯಂತೆ ಮಾಡಹೊರಡುವ ಮನುಷ್ಯ ಆನೆಯನ್ನು ಮರದಂತೆ ಮಾಡಲು ಯಾಕೆ ಹೋಗುವುದಿಲ್ಲ? ಆನೆ ಸುಮ್ಮನೆ ನಿಲ್ಲುವುದಿಲ್ಲ, ಅಷ್ಟೇ. ನಮ್ಮ ಸೌಂದರ್ಯಪ್ರಜ್ಞೆಯೆಲ್ಲ ನಿಂತಲ್ಲೇ ನಿಲ್ಲುವ ಬಡಪಾಯಿಗಳ ಮೇಲೆಯೇ.

ದೊಡ್ಡಮ್ಮ ಹಾಗೆ ನಿಲ್ಲುವವಳಲ್ಲ. “ತಿನ್ನಕ್ಕಿಲ್ಲ, ಮಾರಕ್ಕಿಲ್ಲ, ಇದ್ಯಾವ ಸೀಮೆ ಬೆಳೆ ಬುಡಿ” ಎಂದು ದಿನಾ ಗೊಣಗಿ ಸಾಕಾಗಿ, ಒಂದು ಶುಕ್ರವಾರ ಮಿಂದು ಮಡಿಯುಟ್ಟು ಹೋಗಿ ಆನೆಯ ಹಣೆಗೆ ಕುಂಕುಮ ಬಳಿದು, ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆದು, “ಇದು ಗಣ್ಪತಿ ಕಣ್ರವ್ವಾ” ಎಂದು ನೆರೆಹೊರೆಗೆಲ್ಲ ಸಾರಿಬಿಟ್ಟಳು. ಲೆಕ್ಕಾಚಾರ ಸರಳವಾಗಿತ್ತು: ದೇವರಿಗೆ ಕತ್ತರಿ ಹಾಕುವಂತಿಲ್ಲ, ಕತ್ತರಿಯಿಲ್ಲದಿದ್ದರೆ ಗಂಡನಿಗೆ ಬೇಸರ, ಬೇಸರವಾದರೆ ಹೊಲ ವಾಪಸ್ಸು. ಕತ್ತರಿ ಹಾಕಲಾಗದ ದೇವರನ್ನು ಕಿತ್ತುಹಾಕುವುದೂ ಆಗದೆಂಬುದು ಮಾತ್ರ ಆ ಮಹಾತಾಯಿಗೆ ಹೊಳೆಯಲಿಲ್ಲ. ಊರ ಹೆಂಗಸರು ಗರಿಕೆ ಹಿಡಿದು ಬಂದರು. ಬಂದವರು ಸುಬ್ರಹ್ಮಣ್ಯನ ವಾಹನವೆಂದು ನವಿಲಿಗೂ ಕುಂಕುಮವಿಟ್ಟು ಹೋದರು. ಅರಿಸಿನದ ಆಸೆ ಅಲ್ಲಿಗೆ ಮುಗಿಯಿತು.

ದೇವರು ಬೆಳೆಯತೊಡಗಿದ. ಕಣ್ಣ ಮೇಲೆ ಕೂದಲಿಳಿಯಿತು, ಸೊಂಡಿಲಿನಿಂದ ಹತ್ತಾರು ಸೊಂಡಿಲು ಒಡೆದವು, ಮಳೆಗಾಲ ಕಳೆಯುವಷ್ಟರಲ್ಲಿ ಅದು ಆನೆಯೂ ಅಲ್ಲ, ಗಣಪತಿಯೂ ಅಲ್ಲ, ಮುದುರಿ ಮಲಗಿದ ಕರಡಿ. ದೊಡ್ಡಪ್ಪ ಕೆಲವು ದಿನ ಕತ್ತರಿಗೆ ಎಣ್ಣೆ ಹಚ್ಚಿ ಮತ್ತೆ ಮೊಳೆಗೆ ಸಿಕ್ಕಿಸಿದರು. ಆಮೇಲೆ ಅದನ್ನೂ ಬಿಟ್ಟರು. ಜಗಲಿಯ ಮೇಲೆ ಕೈಕಟ್ಟಿ ಕುಳಿತರೆ ತಟ್ಟೆಯ ಹಿಟ್ಟಿನ ಮುದ್ದೆ ಒಣಗುತ್ತಿತ್ತು. ರಜೆಗೆ ಬಂದಿದ್ದ ನಾನು ಯಾಕೆ ಉಣ್ಣಲಿಲ್ಲವೆಂದು ಕೇಳಿದೆ.

“ಕೈಗೆ ಕೆಲ್ಸ ಇಲ್ದಿದ್ಮೇಲೆ ಬಾಯ್ಗೆ ಇಟ್ಟ್ಯಾಕ್ ಕಣಮ್ಮಿ” ಎಂದರು.

ನನಗೆ ಅಳು ಬಂತು. ಒಳಗೆ ಒಲೆ ಊದುತ್ತಿದ್ದ ದೊಡ್ಡಮ್ಮನ ಊದುಗೊಳವೆಯ ಸದ್ದೂ ನಿಂತಿತು. ಆಕೆಗೆ ಗಂಡನ ಗಿಡ ಬೇಡವಾಗಿತ್ತೇ ಹೊರತು ಗಂಡ ಬೇಡವಾಗಿರಲಿಲ್ಲ.

ಗುಡಿ ರಿಪೇರಿಯಾಗುವಾಗ ಮೂರ್ತಿಯ ದೇವರನ್ನು ಕಳಸದ ನೀರಿಗೆ ಇಳಿಸಿಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಮೂರ್ತಿಗೇರಿಸುವುದು ನಮ್ಮಲ್ಲಿ ರೂಢಿ. ಅದಕ್ಕೆ ಪುರೋಹಿತರು, ಮಂತ್ರ, ಮುಹೂರ್ತ ಎಲ್ಲ ಬೇಕು. ಮರುದಿನ ಬೆಳಿಗ್ಗೆ ದೊಡ್ಡಮ್ಮನಿಗೆ ಒಂದು ಚೊಂಬು ನೀರು, ನಾಲ್ಕು ಮಾವಿನೆಲೆ ಸಾಕಾಯಿತು. “ಸ್ವಾಮಿ, ವಸಿ ವೊತ್ತು ಇದ್ರೊಳಕ್ ಬಂದ್ ಕುಂತ್ಕೊ. ಕೂದ್ಲು ಕಣ್ಗ್ ಬಿದ್ದದ, ಕ್ಷೌರ ಆಗ್ಲಿ, ಆಮೇಕ್ ಓಗುವೆಯಂತೆ” ಎಂದು ಚೊಂಬನ್ನು ಆನೆಯ ಹಣೆಗೆ ತಾಗಿಸಿ, ಎದೆಗವಚಿಕೊಂಡು, ಕತ್ತರಿಯನ್ನು ಗಂಡನ ಮುಂದೆ ಹಿಡಿದಳು.

ಮೊದಲ ಕೊಂಬೆಗೆ ದೊಡ್ಡಪ್ಪ ಕೈಮುಗಿದರು. ಎರಡನೆಯದಕ್ಕೆ ಇಲ್ಲ. ಕಿವಿ ತಿದ್ದಿದರು, ಹಿಂದೆ ಸರಿದು ನೋಡಿದರು, ಮತ್ತೆ ತಿದ್ದಿದರು. ಬಿಸಿಲೇರುತ್ತಿತ್ತು, ಒಳಗೆ ದೇವರಿರುವ ಚೊಂಬನ್ನು ಕಂಡಕಂಡಲ್ಲಿ ಇಡುವಂತಿಲ್ಲದೆ ದೊಡ್ಡಮ್ಮ ಕೈ ಬದಲಿಸುತ್ತ ನಿಂತೇ ಇದ್ದಳು. ಬಾಲ ಮುಗಿಸಿದ ದೊಡ್ಡಪ್ಪ ಕಳ್ಳನಂತೆ ನವಿಲಿನತ್ತ ನೋಡಿದರು.

“ಊ, ಅದ್ನೂ ಮಾಡಿ ಅತ್ಲಾಗೆ. ಅಣ್ಣನ್ ಜೊತೆ ತಮ್ಮನ್ನೂ ಇದ್ರಲ್ಲೇ ಕುಂಡುರ್ಸ್ಕೊತೀನಿ” ಎಂದಳು ದೊಡ್ಡಮ್ಮ. “ಬಿರ್ನೆ ಮುಗುಸ್ಬುಡಿ, ಇಟ್ಟು ಆರೋಯ್ತದ.”