ನಾಲಿಗೆ ಸಂಘದ ಹತ್ತನೆಯ ವರ್ಷ

ಚಳ್ಳಕೆರೆಯಲ್ಲಿ ಯಾರನ್ನು ಕೇಳಿದರೂ ಒಂದೇ ಕಥೆ ಹೇಳುತ್ತಾರೆ. ಸಂಘದವರು ಏಳು ವರ್ಷ ಪಾಡುಪಟ್ಟು ನನ್ನ ಅಣ್ಣನ ತೊದಲು ಬಿಡಿಸಿದರಂತೆ. ಮೈಸೂರಿನ ಕಾಲೇಜಿನಲ್ಲಿ ಚರ್ಚಾಕೂಟದ ಪದಕ ಗೆದ್ದು ಬಂದ ನಾನು ಅದನ್ನು ಒಂದು ಗಳಿಗೆಯಲ್ಲಿ ಮರಳಿ ತಂದೆನಂತೆ. "ತಮ್ಮ ಬಾಯಿ ಬಿಟ್ಟ, ಅಣ್ಣನ ಬಾಯಿ ಕಟ್ತು" ಎಂದು ಸಂತೆಯಲ್ಲಿ ನನ್ನ ಕಿವಿಗೇ ಬೀಳುವಂತೆ ಆಡಿಕೊಂಡವರಿದ್ದಾರೆ.

ಈ ಕಥೆಯ ಮೊದಲರ್ಧವನ್ನು ನಾನು ಒಪ್ಪುವುದಿಲ್ಲ. ಅಣ್ಣನ ತೊದಲು ಹೋಗಿಯೇ ಇರಲಿಲ್ಲ. ಹೋಗದ್ದನ್ನು ಮರಳಿ ತರುವುದು ಹೇಗೆ? ಉಳಿದರ್ಧದ ಮಾತು ಕೊನೆಗಿರಲಿ. ಅಲ್ಲಿ ನನ್ನ ವಾದ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ನಮ್ಮಪ್ಪ ಕುರಿ, ಕಂಬಳಿ ಎರಡರ ವ್ಯಾಪಾರವನ್ನೂ ಮಾಡುತ್ತಿದ್ದವರು. ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯ ಅಡಿಯಲ್ಲಿ ಕೈ ಹಿಡಿದು, ಬೆರಳು ಒತ್ತಿ ಮುಗಿಸುತ್ತಾರೆ. ಆ ವಿದ್ಯೆಯಲ್ಲಿ ಅಣ್ಣನನ್ನು ಮೀರಿಸಿದವರು ನಮ್ಮ ಸೀಮೆಯಲ್ಲಿರಲಿಲ್ಲ. ಬಾಯಿ ತೆರೆದರೆ ಮಾತ್ರ ಕಷ್ಟ. ಮೊದಲ ಅಕ್ಷರದಲ್ಲೇ ದವಡೆ ಬಿಗಿಯುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು, ಎದುರಿಗಿದ್ದವರು ಬೇರೆ ಕಡೆ ನೋಡುತ್ತಿದ್ದರು.

ನಾನು ಅವನ ಮಾತು ಮುಗಿಸಿಕೊಡುವವನು. ಆರು ವರ್ಷದವನಿದ್ದಾಗಿನಿಂದ ಅದೇ ನನ್ನ ಕೆಲಸ. ಅವನು ಬಾಯಿ ತೆರೆದು ಅಡುಗೆಮನೆ ಕಡೆ ತಿರುಗಿದರೆ ಸಾಕು, "ಅವ್ವಾ, ಅಣ್ಣಂಗೆ ನೀರು ಬೇಕಂತೆ" ಎಂದು ಕೂಗುತ್ತಿದ್ದೆ. ಅವ್ವನಿಗೆ ಅದೊಂದು ಹೆಮ್ಮೆ. "ಅಣ್ಣನ ಪಾಲಿನ ಮಾತೂ ತಿಂದ್ಕಂಡು ಹುಟ್ಟೈತೆ ಇದು" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅಣ್ಣನೂ ನಗುತ್ತಿದ್ದ. ಅವನು ಕೇಳಬೇಕೆಂದಿದ್ದುದು ನೀರನ್ನೇ ಎಂದು ನಮಗೆ ಹೇಗೆ ಗೊತ್ತಿತ್ತು? ಆಗ ಈ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ.

ಇನ್ನು ಸಂಘ. ಅದಕ್ಕೊಂದು ಉದ್ದನೆಯ ಸಂಸ್ಕೃತದ ಹೆಸರಿತ್ತು. ತೊದಲದವರೂ ಅದನ್ನು ಒಂದೇ ಉಸಿರಿಗೆ ಹೇಳಲಾರರು. ಆದ್ದರಿಂದ ಊರವರು ನಾಲಿಗೆ ಸಂಘ ಎನ್ನುತ್ತಿದ್ದರು. ನಮ್ಮೂರ ಶಾಲೆಯ ದೊಡ್ಡ ಮೇಷ್ಟ್ರು, ಮೊಳಕಾಲ್ಮೂರಿನ ಒಬ್ಬ ಪಂಡಿತರು, ಸುತ್ತಲಿನ ಹಳ್ಳಿಗಳ ಐದಾರು ಮಂದಿ ಉಪಾಧ್ಯಾಯರು ಸೇರಿ ಕಟ್ಟಿದ್ದು. ಒಂದು ಶನಿವಾರ ಚಳ್ಳಕೆರೆ, ಮುಂದಿನ ಶನಿವಾರ ಮೊಳಕಾಲ್ಮೂರು. ಕೂಲಿ ಇಲ್ಲ, ಕಾಣಿಕೆ ಇಲ್ಲ. ಎತ್ತಿನ ಗಾಡಿಯಲ್ಲಿ ಧೂಳು ಕುಡಿದು ಹೋಗಿಬರುತ್ತಿದ್ದ ಅವರ ಶ್ರದ್ಧೆಯನ್ನು ನಾನು ಅಲ್ಲಗಳೆಯುವುದಿಲ್ಲ. ಶ್ರದ್ಧೆಯಿಂದ ಮಾಡಿದ ತಪ್ಪೂ ತಪ್ಪೇ ಎನ್ನುತ್ತೇನೆ, ಅಷ್ಟೆ.

ಅವರ ಕ್ರಮ ಹೀಗಿತ್ತು. ಪಂಡಿತರು ಬಜೆಯ ಬೇರನ್ನು ಜೇನಿನಲ್ಲಿ ತೇಯ್ದು ಎಲ್ಲರ ನಾಲಿಗೆಗೆ ಸವರುತ್ತಿದ್ದರು. ಆಮೇಲೆ ತೊದಲುವವರೆಲ್ಲ ಸಾಲಾಗಿ ಕುಳಿತು, ಅಂಗೈಯಿಂದ ಮಂಡಿ ತಟ್ಟುತ್ತ, ಒಕ್ಕೊರಲಿನಿಂದ ಷಟ್ಪದಿ ಹಾಡುವುದು. ಹೀಗೆ ವರ್ಷಗಟ್ಟಲೆ ಹಾಡಿ, ಒಂದು ದಿನ ಒಬ್ಬನೇ ಎದ್ದು ನಿಂತು ಇಪ್ಪತ್ತು ಪದ್ಯ ಎಡವದೆ ಒಪ್ಪಿಸಿದರೆ ಅವನು ತೂಗುಹಾಕಿದ ಕಂಚಿನ ಗಂಟೆ ಬಾರಿಸುತ್ತಿದ್ದ. ಮೇಷ್ಟ್ರು ಪುಸ್ತಕ ತೆರೆದು ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ "ಶುದ್ಧ" ಎಂದು ಬರೆಯುತ್ತಿದ್ದರು.

ಇಷ್ಟಾದರೆ ಸರಿ. ಇದರ ಮೇಲೊಂದು ಕಟ್ಟಳೆಯಿತ್ತು. ಸಂಘ ಕೂಡುವ ಜಗಲಿ ಹತ್ತಿದ ಮೇಲೆ ಯಾರೂ ತೊದಲು ಮಾತಾಡಕೂಡದು. ಒಬ್ಬನ ಕೆಟ್ಟ ಮಾತು ಇನ್ನೊಬ್ಬನ ನಾಲಿಗೆಗೆ ಅಂಟುತ್ತದೆಂದು ಪಂಡಿತರ ನಂಬಿಕೆ. ನೀರು ಬೇಕೆಂದರೆ ಹೆಬ್ಬೆರಳು, ಹೊರಗೆ ಹೋಗಬೇಕೆಂದರೆ ಕಿರುಬೆರಳು. ಇದನ್ನು ನಾನು ಕಾಲೇಜಿನ ರಜೆಗೆ ಬಂದಾಗ ಕಣ್ಣಾರೆ ಕಂಡೆ. ತೊದಲು ಬಿಡಿಸುವ ಸಂಘದವರು ತಮ್ಮ ಶಿಷ್ಯರಲ್ಲಿ ಒಬ್ಬನಾದರೂ ಮಾತಾಡುವುದನ್ನು ಹತ್ತು ವರ್ಷದಲ್ಲಿ ಕೇಳಿಯೇ ಇರಲಿಲ್ಲ!

ಮೇಷ್ಟ್ರನ್ನು ಅಲ್ಲೇ ಕೇಳಿದೆ. "ಮೇಷ್ಟ್ರೇ, ಇವರು ಮಾತಾಡೋದನ್ನ ಯಾವತ್ತಾದ್ರೂ ಕೇಳಿದೀರಾ?"

"ಈಗ ಕೇಳ್ಲಿಲ್ವೇನಯ್ಯ? ನೀರು ಹರ್ದಂಗೆ ಹರೀತು."

"ಅದು ಪದ್ಯ. ನಾನು ಮಾತು ಕೇಳ್ತಿರೋದು."

"ಲೇ, ಗುಂಡು ಎತ್ತೋನಿಗೆ ಹುಲ್ಲಿನ ಹೊರೆ ಭಾರವೇನೋ? ಷಟ್ಪದಿ ಹೇಳೋ ನಾಲಿಗೆಗೆ ಸೊಪ್ಪಿನ ಬೆಲೆ ಕೇಳಾಕೆ ಆಗಲ್ವಾ?"

ನೋಡಿ, ಎಷ್ಟು ಚೆನ್ನಾದ ವಾದ! ಚರ್ಚಾಕೂಟದಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಆದರೆ ಅದು ಸುಳ್ಳು. ಅಣ್ಣ ಹಾಡುವಾಗ ಎಂದೂ ತೊದಲಿದವನಲ್ಲ, ಸಂಘ ಹುಟ್ಟುವ ಮೊದಲೂ. ಕುರಿಗಳೊಡನೆ ಎಂದೂ ತೊದಲಿದವನಲ್ಲ. "ಏ ಬಾರೆ ಇತ್ತ, ಆ ಕಡೆ ಜಾಲಿ ಮುಳ್ಳೈತೆ, ಕಣ್ಣು ಎಲ್ಲಿಟ್ಟಿದೀಯ?" ಎಂದು ಒಂದೇ ಉಸಿರಿಗೆ ಗದರುತ್ತಿದ್ದ. ಅವನ ನಾಲಿಗೆ ಕಟ್ಟುತ್ತಿದ್ದುದು ಎದುರಿಗೊಬ್ಬ ಮನುಷ್ಯ ನಿಂತು ಉತ್ತರಕ್ಕೆ ಕಾದಾಗ ಮಾತ್ರ. ಇದನ್ನು ಹೇಳಿದೆ. ಮೇಷ್ಟ್ರು "ಕುರೀನ ನಮ್ಮ ಪುಸ್ತಕಕ್ಕೆ ಸೇರಿಸ್ಬೇಡ" ಎಂದರು. ಸಾಲಿನಲ್ಲಿದ್ದವರು ಸದ್ದಿಲ್ಲದೆ ನಕ್ಕರು. ಅಣ್ಣನೂ ನಕ್ಕ.

ಆ ವರ್ಷ ಇದು ಬರಿಯ ವಾದವಾಗಿ ಉಳಿಯಲಿಲ್ಲ. ಪುಸ್ತಕದಲ್ಲಿ "ಶುದ್ಧ" ಎಂದಿದ್ದುದರಿಂದ ಮೇಷ್ಟ್ರ ಶಿಫಾರಸಿನ ಮೇಲೆ ಅಣ್ಣನಿಗೆ ಬಿ.ಜಿ. ಕೆರೆಯ ಶಾಲೆಯಲ್ಲಿ ತಾತ್ಕಾಲಿಕವಾಗಿ ಉಪಾಧ್ಯಾಯನ ಕೆಲಸ ಸಿಕ್ಕಿತ್ತು. ಒಮ್ಮೆ ಅಲ್ಲಿಗೆ ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ಮಗ್ಗಿಯನ್ನು ಅವನು ಮಕ್ಕಳ ಜೊತೆಗೇ ರಾಗವಾಗಿ ಹೇಳುತ್ತಿದ್ದ, ಒಂದು ಕಡೆಯೂ ತಡೆಯದೆ. ಮರಳಿನಲ್ಲಿ ಅಕ್ಷರ ತಿದ್ದಿಸುವಾಗ ಮಗುವಿನ ಬೆರಳನ್ನು ಸಂತೆಯಲ್ಲಿ ಹಿಡಿಯುವಂತೆಯೇ ಹಿಡಿಯುತ್ತಿದ್ದ, ಒತ್ತಿ, ಸಡಿಲಿಸಿ. ಬೈಯಬೇಕಾದಾಗ ಬರಿಯ ಕಣ್ಣು. ಮಕ್ಕಳಿಗೆ ಅವನೆಂದರೆ ಪ್ರಾಣ.

ಆ ಕೆಲಸ ಕಾಯಂ ಆಗಬೇಕಾದರೆ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಅವನ ಮಾತು ಕೇಳಿ ಒಪ್ಪಬೇಕು. ಸಾಹೇಬರು ಬರುವುದು ಸಂಘದ ಹತ್ತನೆಯ ವರ್ಷದ ಉತ್ಸವಕ್ಕೆ, ಅಧ್ಯಕ್ಷರಾಗಿ. ಅಣ್ಣ ಅಲ್ಲಿ ಇನ್ನೊಮ್ಮೆ ಇಪ್ಪತ್ತು ಪದ್ಯ ಒಪ್ಪಿಸುವುದು, ಗಂಟೆ ಬಾರಿಸುವುದು, ಅವರು ಅಲ್ಲಿಯೇ ಅಪ್ಪಣೆ ಕೊಡುವುದು. ಮೇಷ್ಟ್ರ ಲೆಕ್ಕಾಚಾರ ಇದು.

"ಅವರು ಪದ್ಯ ಬಿಟ್ಟು ಬೇರೆ ಏನಾದ್ರೂ ಕೇಳಿದ್ರೆ?" ಎಂದು ಅಣ್ಣನನ್ನು ಕೇಳಿದೆ. ಅವನು ತಲೆಯಾಡಿಸಿದ. ಹೇಳಲು ಬಹಳ ಹೊತ್ತು ಹಿಡಿಯಿತು: "ಅಲ್ಲಿ... ಯಾರೂ... ಏನೂ ಕೇಳಲ್ಲ." ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದುಕೊಂಡೆ. ವಾರಕ್ಕೊಂದು ಗಳಿಗೆ ಯಾರೂ ಏನೂ ಕೇಳದ ಜಾಗ ಅವನಿಗೆ ಎಷ್ಟು ದೊಡ್ಡದಾಗಿತ್ತೋ, ಅದನ್ನು ಯೋಚಿಸಲಿಲ್ಲ.

ನೇರ ಮೇಷ್ಟ್ರ ಮನೆಗೆ ಹೋದೆ. "ಸಾಹೇಬರಿಗೆ ನಿಜ ಹೇಳ್ಬಿಡಿ. ತೊದಲು ಐತೆ, ಆದ್ರೂ ಪಾಠ ಚೆನ್ನಾಗಿ ಮಾಡ್ತಾನೆ ಅಂತ. ಬೇಕಾದ್ರೆ ಶಾಲೆಗೇ ಬಂದು ನೋಡ್ಲಿ."

"ಹತ್ತನೇ ವರ್ಷದ ದಿನ ನಾನೇ ಎದ್ದು ನಿಂತು, ಗುಣ ಆಗ್ಲಿಲ್ಲ ಅನ್ಲಾ?"

"ನಿಮ್ಮ ಪುಸ್ತಕದ ಮರ್ಯಾದೆ ದೊಡ್ಡದೋ, ನಮ್ಮಣ್ಣನ ಅನ್ನ ದೊಡ್ಡದೋ?"

ಮೇಷ್ಟ್ರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಎರಡೂ ಒಂದೇ ಕಣಯ್ಯ. ಪುಸ್ತಕದಾಗೆ ಆ ಮಾತು ಇರೋದ್ರಿಂದಲೇ ಅವನನ್ನ ಶಾಲೆ ಒಳಗೆ ಬಿಟ್ಟಿದ್ದಾರೆ. ಅದನ್ನ ಅಳಿಸಿದ್ರೆ ಬಾಗಿಲಲ್ಲೇ ನಿಲ್ಲಿಸ್ತಾರೆ. ಆವಾಗ ನಿನ್ನ ನಿಜ ತಗಂಡು ಏನು ಮಾಡ್ತೀಯಾ?"

ಮನೆಗೆ ಬರುವ ದಾರಿಯಲ್ಲಿ ಇದಕ್ಕೆ ಮೂರು ಉತ್ತರ ಹೊಳೆದವು, ಮೂರೂ ಚೆಂದದವು, ಒಂದೂ ಉಪಯೋಗಕ್ಕೆ ಬಾರದವು. ಅಷ್ಟು ಸಿಡುಕು ಹಿಡಿದಿತ್ತೆಂದರೆ ಆ ದಿನ ಅವ್ವನ ಜೊತೆ ಮುದ್ದೆ ಗಟ್ಟಿಯಾಯಿತೆಂದು ಜಗಳ ತೆಗೆದೆ.

ಉತ್ಸವದ ದಿನ ಹೊರಡುವಾಗ ಅವ್ವ ಹೇಳಿದ್ದಳು: "ನೀನು ಬಾಯಿ ಮುಚ್ಕಂಡು ಕುಂತ್ಕಂಡ್ರೆ ನಿಮ್ಮಣ್ಣ ಮೇಷ್ಟ್ರಾಗ್ತಾನೆ. ಅಷ್ಟೇ ನಿನ್ನ ಪಾಲಿನ ಕೆಲಸ."

ಶಾಲೆಯ ಮುಂದೆ ಚಪ್ಪರ. ಸಾಹೇಬರು ಕೂರಲು ನಮ್ಮ ಅಂಗಡಿಯಿಂದಲೇ ಹೋದ ಹೊಸ ಕರಿ ಕಂಬಳಿ. ನಡುವೆ ಗಂಟೆ, ಅದಕ್ಕೆ ಸೇವಂತಿಗೆ ಹಾರ. ಅಣ್ಣ ಎದ್ದು ನಿಂತ. ಇಪ್ಪತ್ತು ಪದ್ಯ. ನಾನು ಎಷ್ಟೋ ದೊಡ್ಡ ಸಭೆಗಳಲ್ಲಿ ಎಷ್ಟೋ ಜನರ ಮಾತು ಕೇಳಿದ್ದೇನೆ. ಅಂಥ ದನಿ ಕೇಳಿಲ್ಲ. ಸಾಹೇಬರು ಕಣ್ಣು ಮುಚ್ಚಿ ತಲೆದೂಗಿದರು. ಅಲ್ಲಿಗೆ ಮುಗಿಯಬೇಕಿತ್ತು.

ಗಂಟೆಗೆ ಮೊದಲು ಮೇಷ್ಟ್ರು ಎದ್ದು ವರದಿ ಓದಿದರು. ಪುಸ್ತಕ ಎತ್ತಿ ಹಿಡಿದು, "ಹತ್ತು ವರ್ಷದಲ್ಲಿ ಈ ಜಗಲಿಯಿಂದ ಇಳಿದು ಹೋದ ಒಬ್ಬನೂ ತೊದಲುವುದಿಲ್ಲ" ಎಂದರು. ಆಮೇಲೆ, ನನ್ನ ಕಡೆ ನೋಡಿಯೇ ಎಂದು ಇಂದಿಗೂ ಹೇಳುತ್ತೇನೆ, ಸೇರಿಸಿದರು: "ಸಂಶಯ ಇರೋರು ಯಾರಾದ್ರೂ ಇದ್ರೆ ಈಗ್ಲೇ ಕೇಳ್ಬಹುದು."

ಚರ್ಚಾಕೂಟದಲ್ಲಿ ಪಳಗಿದವನಿಗೆ ಇದನ್ನು ಹೇಳಬಾರದು. ನನ್ನ ಕಾಲು ನನ್ನನ್ನು ಕೇಳದೆ ಎದ್ದು ನಿಂತಿತು.

"ಸ್ವಾಮಿ, ಪದ್ಯ ಒಪ್ಪಿಸುವುದು ಮಾತಲ್ಲ. ಇವರನ್ನು ಒಂದು ಪ್ರಶ್ನೆ ಕೇಳಿ. ಉತ್ತರಕ್ಕೆ ಕಾಯಿರಿ. ತಡವಾದರೆ ಅದು ನಾಲಿಗೆಯ ದೋಷ, ಪಾಠ ಹೇಳುವ ಯೋಗ್ಯತೆಯ ದೋಷವಲ್ಲ. ಇದನ್ನು ಈ ಸಂಘ ಹತ್ತು ವರ್ಷದಿಂದ ಮುಚ್ಚಿಟ್ಟಿದೆ."

ಅಣ್ಣ ನನ್ನನ್ನು ನೋಡಿದ. ಪಂಡಿತರು ನೆಲ ನೋಡಿದರು. ಸಾಹೇಬರು ಮಾತ್ರ ಶಾಂತವಾಗಿ ಅಣ್ಣನ ಕಡೆ ತಿರುಗಿ, "ಮೇಷ್ಟ್ರ ಕೆಲಸವೇ ಬೇಕು ಅಂತ ನಿಮಗೆ ಯಾಕೆ ಅನ್ನಿಸಿತು? ನಿಧಾನವಾಗಿ ಹೇಳಿ, ನನಗೇನೂ ಆತುರವಿಲ್ಲ" ಎಂದರು.

ಅವರಿಗೆ ನಿಜವಾಗಿಯೂ ಆತುರವಿರಲಿಲ್ಲ. ಅದೇ ನನ್ನನ್ನು ಇಂದಿಗೂ ಸುಡುವುದು. ಕೋಲಿನ ಮೇಲೆ ಎರಡು ಕೈಯಿಟ್ಟು, ಗಲ್ಲ ಊರಿ, ಅಣ್ಣನ ಮುಖವನ್ನೇ ನೋಡುತ್ತ ಕುಳಿತರು. ಬೇರೆ ಕಡೆ ನೋಡಲಿಲ್ಲ.

"ನಾ... ನಾನು... ಅಲ್ಲಿ..." ಎಂದ ಅಣ್ಣ. ದವಡೆ ಬಿಗಿಯಿತು. ಕತ್ತಿನ ನರ ಉಬ್ಬಿತು. ಕಾಯಿರಿ ಎಂದು ಭಾಷಣ ಮಾಡಿದವನು ನಾನೇ. ಆದರೆ ನಮ್ಮ ಚರ್ಚಾಕೂಟದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದವನು ಸೋತ ಹಾಗೆ. ಅಣ್ಣ ಸೋಲುತ್ತಿದ್ದಾನೆ ಎಂದು ನನಗನ್ನಿಸಿತು.

"ಮಕ್ಕಳ ಮೇಲಿನ ಪ್ರೀತಿಯಿಂದ, ಸ್ವಾಮಿ" ಎಂದುಬಿಟ್ಟೆ.

ಅಣ್ಣ ಬಾಯಿ ಮುಚ್ಚಿದ. ಸಾಹೇಬರು ನನ್ನ ಕಡೆ ತಿರುಗದೆಯೇ, "ನಿಮ್ಮನ್ನು ಕೇಳಲಿಲ್ಲ" ಎಂದರು. ಮತ್ತೆ ಅಣ್ಣನಿಗೆ, "ಹೌದೇ?" ಎಂದರು. ಅಣ್ಣ ಅಲ್ಲವೆಂದು ತಲೆಯಾಡಿಸಿದ. ಎರಡು ಸಲ. ಆಮೇಲೆ ಗಂಟೆಯ ಪಕ್ಕದಿಂದಲೇ ನಡೆದು, ಅದನ್ನು ಮುಟ್ಟದೆ, ಚಪ್ಪರದಿಂದ ಹೊರಗೆ ಹೋದ.

ಕೆಲಸ ಕಾಯಂ ಆಗಲಿಲ್ಲ. ಮುಂದಿನ ವರ್ಷ ನೋಡೋಣ ಎಂದು ಸಾಹೇಬರು ಬರೆದರಂತೆ. ಮುಂದಿನ ವರ್ಷ ಆ ಶಾಲೆಗೆ ಬೇರೆಯವರು ಬಂದಿದ್ದರು. ಮೇಷ್ಟ್ರು ಪುಸ್ತಕದಲ್ಲಿನ "ಶುದ್ಧ"ವನ್ನು ಹೊಡೆದುಹಾಕಲಿಲ್ಲ. ಕಟ್ಟಳೆಯನ್ನೂ ಬದಲಿಸಲಿಲ್ಲ. ಪಂಡಿತರು ಬಜೆಯ ಅಳತೆ ಹೆಚ್ಚಿಸಿದರು. ನನಗೆ ಹುಚ್ಚು ಹಿಡಿಯುವಂತಾದುದು ಬೇರೆ: ಉತ್ಸವ ಮುಗಿದ ಮುಂದಿನ ಶನಿವಾರವೇ ಅಣ್ಣ ಎಂದಿನಂತೆ ಮೊಳಕಾಲ್ಮೂರಿನ ಗಾಡಿ ಹತ್ತಿದ.

"ಯಾಕೆ ಹೋಗ್ತೀಯಾ ಇನ್ನೂ?" ಎಂದು ಗಾಡಿಯ ಹಿಂದೆ ಓಡುತ್ತ ಕೂಗಿದೆ. ಅವನು ಹೆಬ್ಬೆರಳೆತ್ತಿ ತೋರಿಸಿದ. ನೀರು ಬೇಕಂತೆ. ಗಾಡಿಯಲ್ಲಿದ್ದವರೆಲ್ಲ ನಕ್ಕರು. ಒಬ್ಬರಿಗೂ ಮಾತಾಡುವ ಅಗತ್ಯ ಬೀಳಲಿಲ್ಲ.

ಈಗ ಅವನು ಮತ್ತೆ ಕುರಿ ವ್ಯಾಪಾರದಲ್ಲಿದ್ದಾನೆ. ನನ್ನ ಜೊತೆ ಸಿಟ್ಟಿಲ್ಲ. ಅದೂ ಒಂದು ಕಷ್ಟ. ಬೈದಿದ್ದರೆ ನಾನು ವಾದಿಸಬಹುದಿತ್ತು. ಮೊನ್ನೆ ಕುರಿ ಕೂಡುವ ರೊಪ್ಪದ ಬೇಲಿಯ ಹತ್ತಿರ ಹೋದೆ. ಒಳಗೆ ಅವನು ಒಂದು ಕುಂಟು ಮರಿಗೆ ಏನೇನೋ ಹೇಳುತ್ತಿದ್ದ, ಸರಾಗವಾಗಿ. ನನ್ನನ್ನು ಕಂಡೊಡನೆ ಸುಮ್ಮನಾದ. ಬೇಲಿಯ ಈಚೆ ಕಲ್ಲಿನ ಮೇಲೆ ಕುಳಿತೆ. ಸಾಹೇಬರ ಹಾಗೆ ಮುಖ ನೋಡುತ್ತ ಕೂರಬೇಕೆಂದು ಮನಸ್ಸಿನಲ್ಲೇ ಹೇಳಿಕೊಂಡೆ. ಈ ಸಲ ನಾನು ಮಧ್ಯೆ ಬಾಯಿ ಹಾಕುವುದಿಲ್ಲ ಎಂದು ಅವನಿಗೂ ಹೇಳಿದೆ. ಆಮೇಲೆ ಕೇಳಿದೆ:

"ಅಣ್ಣಾ, ಅವತ್ತು 'ನಾನು ಅಲ್ಲಿ' ಅಂದ್ಯಲ್ಲ, ಮುಂದೆ ಏನು ಹೇಳೋನಿದ್ದೆ?"