704ರ ಹೆಬ್ಬೆರಳು

ಮಗಳಿಗೆ ಕಾಲೇಜಿನಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು: ಕಥೆ, ಸಿನಿಮಾಗಳಲ್ಲಿ ಬರುವ ಕೆಟ್ಟ ಭವಿಷ್ಯದ ಸಮಾಜಗಳಿಗೆಲ್ಲ ಇರುವ ಸಮಾನ ಲಕ್ಷಣಗಳೇನು? ಕಾಮೋಠೆಯ ನಮ್ಮ ಫ್ಲ್ಯಾಟಿನ ಸೋಫಾದಲ್ಲಿ ಕಾಲು ಚಾಚಿ ಪಟ್ಟಿ ಓದಿದಳು. ಎಲ್ಲೆಲ್ಲೂ ಕ್ಯಾಮೆರಾ. ಮನುಷ್ಯರಿಗೆ ಹೆಸರಿಲ್ಲ, ನಂಬರ್. ನೆರೆಯವರ ಮೇಲೆ ನೆರೆಯವರೇ ಚಾಡಿ ಹೇಳುತ್ತಾರೆ. ಎಲ್ಲ ನಿಮ್ಮ ಒಳ್ಳೆಯದಕ್ಕೇ ಎಂದು ದಿನವೂ ಸಾರುತ್ತಾರೆ. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಸಿನಿಮಾದವರಿಗೆ ತಲೆ ಕೆಟ್ಟಿದೆ, ಜನ ಇಷ್ಟನ್ನೆಲ್ಲ ಸಹಿಸುತ್ತಾರೆಯೇ ಎಂದೆ. ಅವಳು ಕನ್ನಡದಲ್ಲಿ ಕೇಳಿಸಿಕೊಂಡು ಹಿಂದಿಯಲ್ಲಿ ನಿಟ್ಟುಸಿರು ಬಿಟ್ಟಳು.

ಅಷ್ಟರಲ್ಲಿ ನನ್ನ ಫೋನ್ ಟುಣ್ ಎಂದಿತು. ನಮ್ಮ ಕಟ್ಟಡದ ವಾಟ್ಸ್‌ಆ್ಯಪ್ ಗ್ರೂಪು. ನಾನು ಕಮಿಟಿಯ ಹಿರಿಯ ತಲೆ. ಕೆಲಸದವರು ಮೆಟ್ಟಿಲ ಮೇಲೆ ಕೂರಬಾರದೆಂಬ ನಿಯಮ ನನ್ನದೇ ಕೂಸು. ಎಲ್ಲರ ಸುರಕ್ಷತೆಗಾಗಿ, ಮತ್ತೇನು. ಕ್ಯಾಮೆರಾದ ಒಂದು ಚಿತ್ರ ಬಂದಿತ್ತು: ಕೆಳಗಿನ ಮೆಟ್ಟಿಲಲ್ಲಿ ಇಬ್ಬರು ಹೆಂಗಸರ ಬೆನ್ನು. ಇವರನ್ನು ಎಬ್ಬಿಸಿ ಎಂದು ಫ್ಲ್ಯಾಟ್ 302 ಬರೆದಿತ್ತು. ಚಿತ್ರ ದೊಡ್ಡದು ಮಾಡಿ ನೋಡುವ ಪುರುಸೊತ್ತು ಆಳುವವರಿಗೆ ಎಲ್ಲಿ? ಒಪ್ಪಿಗೆಯ ಹೆಬ್ಬೆರಳಿನ ಗುರುತು ಒತ್ತಿದೆ.

ಹತ್ತು ನಿಮಿಷಕ್ಕೆ ಅಮ್ಮ ಮೇಲೆ ಬಂದಳು, ಸೆರಗಿನಲ್ಲಿ ಅರ್ಧ ಸುಲಿದ ಬಟಾಣಿ. ತುರ್ಭೆಯಿಂದ ನಮ್ಮ ಮಹಡಿಗೆ ಪಾತ್ರೆ ತೊಳೆಯಲು ಬರುವ ಹೆಂಗಸು ಮನೆಗೆ ಹೊರಡುವ ಮುಂಚೆ ಅಮ್ಮನ ಜೊತೆ ಅಲ್ಲಿ ಕೂರುತ್ತಿದ್ದಳು. ಇವಳದು ಉಡುಪಿಯ ಕನ್ನಡ, ಅವಳದು ಮರಾಠಿ. ಪೂರ್ತಿ ಅರ್ಥವಾಗದಿದ್ದರೂ ಮಾತು ಮುಗಿಯುತ್ತಿರಲಿಲ್ಲ. ಇಡೀ ದಿನದಲ್ಲಿ ಅಮ್ಮ ನಗುತ್ತಿದ್ದುದು ಆ ಅರ್ಧ ಗಂಟೆಯಲ್ಲೇ.

ವಾಚ್‌ಮನ್ ಇಬ್ಬರನ್ನೂ ಎಬ್ಬಿಸಿ ಫ್ಲ್ಯಾಟ್ ನಂಬರ್ ಕೇಳಿದನಂತೆ. ಅಮ್ಮನಿಗೆ ನಂಬರ್ ಗೊತ್ತಿಲ್ಲ. ಲಿಫ್ಟಿನಲ್ಲಿ ಮೇಲಿನಿಂದ ಎರಡನೆಯ ಗುಂಡಿ ಒತ್ತುವುದಷ್ಟೇ ಗೊತ್ತು. ನನ್ನ ಹೆಸರು ಹೇಳಿದಳಂತೆ.

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲವಂತೆ ಮಗಾ," ಎಂದಳು.

ಆರು ವರ್ಷದಿಂದ ಆ ವಾಚ್‌ಮನ್ ನನಗೆ ಸಲಾಮು ಹೊಡೆಯುತ್ತಿದ್ದಾನೆ, 704 ಸಾಬ್ ಎಂದು. ಅವನ ಹೆಸರು ನನಗೂ ಗೊತ್ತಿಲ್ಲ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮಗಳು ನನ್ನ ಫೋನ್ ಎತ್ತಿಕೊಂಡು ಚಿತ್ರ ದೊಡ್ಡದು ಮಾಡಿದಳು. ಅಜ್ಜಿಯ ಬೆನ್ನು ನೋಡಿದಳು, ಕೆಳಗೆ ನನ್ನ ಹೆಬ್ಬೆರಳನ್ನೂ ನೋಡಿದಳು.

ಆಗಲೇ ಗ್ರೂಪಿನಲ್ಲಿ ಈ ನಿಯಮ ತೆಗೆದುಹಾಕೋಣ ಎಂದು ಬರೆದೆ. ಇದು ಎಲ್ಲರ ಸುರಕ್ಷತೆಯ ಪ್ರಶ್ನೆ ಎಂಬ ನನ್ನದೇ ಹಳೆಯ ಮಾತನ್ನು 302 ನನಗೇ ಅಂಟಿಸಿತು. ಅದಕ್ಕೆ ಹನ್ನೊಂದು ಹೆಬ್ಬೆರಳು ಬಿದ್ದವು.

ಮರುದಿನ ಸಂಜೆ ಅಮ್ಮ ಬಟಾಣಿ ಬುಟ್ಟಿ ಹಿಡಿದು ಹೊರಟಳು. ಆ ಹೆಂಗಸು ಕೂರಲು ಒಪ್ಪುವುದಿಲ್ಲ, ಕೆಲಸ ಹೋದೀತೆಂದು ಹೆದರಿದ್ದಾಳೆ ಎಂದೆ. ನಿಂತೇ ಮಾತಾಡುತ್ತೇವೆ ಎಂದಳು. ಬಾಗಿಲು ಎಳೆದುಕೊಳ್ಳುವಾಗ ಅವಳ ಅಂಗೈ ಕಂಡಿತು. ಮೊಮ್ಮಗಳ ಬಾಲ್‌ಪೆನ್ನಿನಿಂದ, ಆ ವಾಚ್‌ಮನ್‌ಗೆ ಓದಲು ಬಾರದ ಕನ್ನಡ ಅಂಕಿಗಳಲ್ಲಿ, ೭೦೪ ಎಂದು ಬರೆದುಕೊಂಡಿದ್ದಳು.